ಹಾಟ್ 100, ಬ್ರಿಟನ್ ಚಾರ್ಟ್: ಇನ್ನೂ ವಾರವಾರ ನೋಡ್ಬೇಕಾ?

ಹೊಸ ಹಾಡು ಹುಡುಕೋಕೆ ಚಾರ್ಟ್ (ಯಾವ ಹಾಡು ಎಷ್ಟು ಓಡ್ತಿದೆ ಅಂತ ವಾರವಾರ ಬರೋ ಪಟ್ಟಿ) ನೋಡೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಆಗ್ಲಿ ಬ್ರಿಟನ್ನಿನ ಅಫಿಶಿಯಲ್ ಸಿಂಗಲ್ಸ್ ಚಾರ್ಟ್ ಆಗ್ಲಿ, ಆ ಕೆಲ್ಸಕ್ಕೆ ಈಗ ಅಷ್ಟಾಗಿ ಬರಲ್ಲ.

ಮುಂಚೆ ಸಿಂಗಲ್ (ಬಿಡಿಯಾಗಿ ಮಾರೋ ಹಾಡು) ಅಂದ್ರೆ ಒಂದ್ಸಲ ದುಡ್ಡು ಕೊಟ್ಟು ತಂದ್ರೆ ಮುಗೀತು, ಆಮೇಲೆ ಮನೇಲಿ ಅದನ್ನ ಸವೆಯೋವರೆಗೂ ಕೇಳಿ ಇಲ್ಲಾ ಮೂಲೆಗೆ ಎಸೀರಿ, ಚಾರ್ಟಿಗೆ ಅದು ಒಂದೇ ಲೆಕ್ಕ (ಅಮೆರಿಕದಲ್ಲಿ ರೇಡಿಯೋದಲ್ಲಿ ಎಷ್ಟು ಹಾಕಿದ್ರು ಅನ್ನೋದೂ ಸೇರ್ತಿತ್ತು, ಈಗ್ಲೂ ಸೇರುತ್ತೆ). ಈಗ ಹಾಗಲ್ಲ, ಸ್ಟ್ರೀಮ್ ಮಾಡಿ, ಅಂದ್ರೆ ಇಂಟರ್ನೆಟ್ಟಲ್ಲಿ, ಕೇಳಿದಷ್ಟು ಸಲಾನೂ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಚಾರ್ಟ್ ಅನ್ನೋದು ಹಾಜರಿ ಪುಸ್ತಕ ಆಗ್ಬಿಟ್ಟಿದೆ, ದಿನಾ ಬರೋರ ಹೆಸ್ರೇ ಮತ್ತೆ ಮತ್ತೆ. ದಿ ವೀಕೆಂಡ್‌ನ ಬ್ಲೈಂಡಿಂಗ್ ಲೈಟ್ಸ್ ಹಾಟ್ 100ರಲ್ಲಿ 90 ವಾರ ಇತ್ತು ಮಾರಾಯ್ರೆ! ಮರಾಯಾ ಕ್ಯಾರಿಯ 1994ರ ಕ್ರಿಸ್ಮಸ್ ಹಾಡು ಅಲ್ಲಿ ನಂಬರ್ ಒನ್ ಆಗಿದ್ದು 2019ರಲ್ಲಿ.

ಆಲ್ಬಂಗಳದ್ದು ಇನ್ನೊಂದು ಕಾಟ, ಜನ ಪೂರ್ತಿ ಆಲ್ಬಂ ಕೇಳಿದ್ರೆ ಅದ್ರಲ್ಲಿರೋ ಹಾಡೆಲ್ಲಾ ಚಾರ್ಟಿಗೆ ನುಗ್ಗುತ್ತೆ. 2017ರ ಮಾರ್ಚ್‌ನಲ್ಲಿ ಎಡ್ ಶೀರನ್ ಆಲ್ಬಂ ಬಂದಾಗ ಬ್ರಿಟನ್ ಟಾಪ್ 20ರಲ್ಲಿ 16 ಅವನದ್ದೇ, ಅದ್ರಲ್ಲಿ ಯಾವ್ದು ಸಿಂಗಲ್ ಅಂತ ಯಾರು ಕೇಳ್ತಾರೆ. ಅಲ್ಲಿನೋರು ಅದೇ ಜುಲೈನಲ್ಲಿ ಒಬ್ಬ ಮುಖ್ಯ ಕಲಾವಿದನಿಗೆ ಮೂರೇ ಹಾಡು ಅಂತ ರೂಲ್ ತಂದ್ರು. ಬಿಲ್‌ಬೋರ್ಡ್ ಆ ಗೋಜಿಗೆ ಹೋಗ್ಲಿಲ್ಲ, 2022ರಲ್ಲಿ ಟೇಲರ್ ಸ್ವಿಫ್ಟ್ ಟಾಪ್ ಟೆನ್ನಿನ ಹತ್ತೂ ಜಾಗ ಎತ್ಕೊಂಡ್ಲು.

ಬ್ರಿಟನ್ನಿನ ಲೆಕ್ಕ ಸ್ವಲ್ಪ ಬಿಡಿಸಿ ನೋಡಿದ್ರೆ ಮಜಾ ಇದೆ. 2014ರ ಜುಲೈನಲ್ಲಿ ಸ್ಟ್ರೀಮ್ ಲೆಕ್ಕ ಹಾಕೋಕೆ ಶುರು ಮಾಡಿದಾಗ 100 ಸ್ಟ್ರೀಮ್‌ಗೆ ಒಂದು ಸೇಲ್, 2017ಕ್ಕೆ ಅದು 150 ಆಯ್ತು, 2018ರಿಂದ ದುಡ್ಡು ಕಟ್ಟಿ ಕೇಳೋರದ್ದು 100ಕ್ಕೆ ಒಂದು, ಫ್ರೀಯಾಗಿ ಕೇಳೋರದ್ದು 600ಕ್ಕೆ ಒಂದು. ಹಾಡು ಹತ್ತು ವಾರ ದಾಟಿ ಸತತ ಮೂರು ವಾರ ಇಳೀತಾ ಬಂತು ಅಂದ್ರೆ ಆ 100 ಹೋಗಿ 200 ಆಗುತ್ತೆ, 600 ಹೋಗಿ 1200. ಅಂದ್ರೆ ಜನ ಹೆಚ್ಚುಕಮ್ಮಿ ಅಷ್ಟೇ ಕೇಳ್ತಿದ್ರೂ ಒಂದೇ ವಾರದಲ್ಲಿ ಹಾಡು ದಬಕ್ಕಂತ ಕೆಳಗೆ! ಹಳೇ ಹಾಡುಗಳಿಗೂ ಇದೇ ಅರ್ಧ ಬೆಲೆ. 2022ರಲ್ಲಿ ಕೇಟ್ ಬುಷ್‌ಳ 1985ರ ಹಾಡು ಟಿವಿ ಸೀರಿಯಲ್ ಸ್ಟ್ರೇಂಜರ್ ಥಿಂಗ್ಸ್‌ನಿಂದಾಗಿ ಮತ್ತೆ ಓಡೋಕೆ ಶುರುವಾದಾಗ ಸ್ಟ್ರೀಮ್ ಅಷ್ಟೊಂದಿದ್ರೂ ಹ್ಯಾರಿ ಸ್ಟೈಲ್ಸ್ ಹಾಡಿನ ಹಿಂದೆ ಎರಡನೇ ಜಾಗದಲ್ಲಿ ನಿಂತಿತ್ತು, ಆಮೇಲೆ ಸ್ಪೆಷಲ್ ಕೇಸ್ ಅಂತ ಮಾಮೂಲಿ ಲೆಕ್ಕಕ್ಕೆ ತಂದ್ರು, ನಂಬರ್ ಒನ್ ಆಯ್ತು. ನಂಗೆ ಇದೇ ಇಷ್ಟ ಆಗಲ್ಲ, ಗಲಾಟೆ ಆಗೋ ಹಾಡಿಗೆ ವಿನಾಯ್ತಿ, ಸದ್ದಿಲ್ದೆ ಓಡ್ತಿರೋ ಹಾಡಿಗೆ ಕತ್ರಿ.

ಬಿಲ್‌ಬೋರ್ಡೂ ಏನು ಸಾಚಾ ಅಲ್ಲ, 20 ವಾರ ಆದ್ಮೇಲೆ 50ಕ್ಕಿಂತ ಕೆಳಗಿಳಿದ್ರೆ ಲಿಸ್ಟಿಂದಾನೇ ಎತ್ತಿಬಿಡೋ ರೂಲ್ ಅವರದ್ದು ಹಳೇದು.

ನನ್ನ ಕಡೆಯಿಂದ ಬ್ರಿಟನ್ನಿಗೆ ಮೂರೂವರೆ ಸ್ಟಾರ್, ತಿದ್ದಿದ್ರೂ ಓದೋಕೆ ಆಗುತ್ತೆ. ಹಾಟ್ 100ಗೆ ಮೂರು. ದೊಡ್ಡ ಆಲ್ಬಂ ಬಂದ ವಾರ ಎರಡನ್ನೂ ನೋಡ್ಬೇಡಿ, ಅದರ ಮುಂದಿನ ವಾರ ನೋಡಿ, ಆ ಆಲ್ಬಂನಲ್ಲಿ ಯಾವ ಹಾಡು ಉಳ್ಕೊಂಡಿದೆಯೋ ಅದೇ ಜನ ನಿಜವಾಗ್ಲೂ ಕೇಳ್ತಿರೋದು.