ದಣಿದ ಕಣ್ಣಿಗೆ ಮಸಾಜರ್, ನೀಲಿ ಬೆಳಕಿನ ಕನ್ನಡಕ, ವ್ಯಾಯಾಮ: ನಾನು ಉಳಿಸಿಕೊಂಡದ್ದು ಯಾವುದನ್ನು?

ದಿನವಿಡೀ ಪರದೆಯ ಮೇಲೆ ಕರಡು ತಿದ್ದುವ ಕೆಲಸ ನನ್ನದು. ಸಂಜೆಯಾಗುತ್ತಲೇ ಕಣ್ಣು ಉರಿಯುವುದು, ಹುಬ್ಬಿನ ಮೇಲೆ ಭಾರ ಕೂರುವುದು ತಪ್ಪದಿದ್ದಾಗ ಕಣ್ಣಿಗೆ ಕಟ್ಟಿಕೊಳ್ಳುವ ಮಸಾಜರ್ ಒಂದನ್ನು ಕೊಂಡೆ. ಅದೀಗ ಕಪಾಟು ಸೇರಿದೆ. ದಿನವೂ ಕೈಹಿಡಿದಿರುವುದು ಬಿಡಿಗಾಸಿನ ಖರ್ಚಿಲ್ಲದ 20-20-20 ಕ್ರಮ, ಅಂದರೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು.

ಮಸಾಜರಿನ ಶಾಖದ ಬಗ್ಗೆ ನನ್ನ ತಕರಾರಿಲ್ಲ. ಹದವಾದ ಬಿಸಿ ರೆಪ್ಪೆಯಂಚಿನ ಗ್ರಂಥಿಗಳ ಎಣ್ಣೆಯನ್ನು ತೆಳುವಾಗಿಸುತ್ತದೆ. ಆ ಎಣ್ಣೆಯೇ ಕಣ್ಣೀರು ಬೇಗ ಆವಿಯಾಗದಂತೆ ತಡೆಯುವ ಪದರ. ತಕರಾರಿರುವುದು ಒತ್ತಡದ ಬಗ್ಗೆ. ಪಟ್ಟಿಯೊಳಗಿನ ಗಾಳಿಚೀಲಗಳು ಉಬ್ಬಿದಾಗ ಹುಬ್ಬು, ಹಣೆಯ ಪಕ್ಕಗಳಿಗೆ ಹಿತವೆನಿಸುತ್ತದೆ, ನಿಜ. ಆದರೆ ಪಟ್ಟಿ ತುಸು ಕೆಳಗೆ ಜಾರಿದರೂ ಅದೇ ಒತ್ತಡ ನೇರವಾಗಿ ಕಣ್ಣುಗುಡ್ಡೆಯ ಮೇಲೆ ಬೀಳುತ್ತದೆ. ತೆಗೆದ ಮೇಲೆ ಕೆಲವು ನಿಮಿಷ ಅಕ್ಷರಗಳ ಅಂಚು ಕದಡಿದಂತೆ ಕಾಣುತ್ತಿತ್ತು. ಒತ್ತಕ್ಷರ ಯಾವುದು, ಕೊಂಬು ಯಾವುದು ಎಂದು ಬಾಗಿ ನೋಡಬೇಕಾಗುತ್ತಿತ್ತು. ಕರಡು ತಿದ್ದುವವನಿಗೆ ಇಂಥ ವಿಶ್ರಾಂತಿ ಯಾವ ಪುರುಷಾರ್ಥಕ್ಕೆ?

ಕಣ್ಣನ್ನು ಒತ್ತಿದಾಗ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಆಕಾರ ತಾತ್ಕಾಲಿಕವಾಗಿ ತುಸು ಬದಲಾಗಬಹುದು, ಒಳಗಿನ ಒತ್ತಡವೂ ಏರುತ್ತದೆ. ಆರೋಗ್ಯವಂತ ಕಣ್ಣಿನಲ್ಲಿ ಅದು ಬೇಗ ಸರಿಹೋದರೂ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ರೋಗ) ಅಥವಾ ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ರೋಗ) ಇರುವವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ವೈದ್ಯರನ್ನು ಕೇಳದೆ ಇದರ ಗೊಡವೆಗೆ ಹೋಗಬಾರದು. ನಾನು ಕೊಂಡ ಸಾಧನದಲ್ಲಿ ಒತ್ತಡ ನಿಲ್ಲಿಸಿ ಶಾಖವನ್ನಷ್ಟೇ ಇರಿಸಿಕೊಳ್ಳುವ ಗುಂಡಿಯೇ ಇಲ್ಲ. ಹೀಗಾಗಿ ಶಾಖಕ್ಕೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯೇ ಸಾಕೆಂದು ತೀರ್ಮಾನಿಸಿದೆ.

ನೀಲಿ ಬೆಳಕು ತಡೆಯುವ ಕನ್ನಡಕದಿಂದ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಪರದೆಯಿಂದಾಗುವ ದಣಿವಿಗೆ ಅದರಿಂದ ಅಲ್ಪಾವಧಿಯಲ್ಲಿ ಪ್ರಯೋಜನವಾಗುವುದು ಸಂಶಯ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯೂ ಹೇಳಿದೆ.

ಅಂಗೈಗಳಿಂದ ಕಣ್ಣು ಮುಚ್ಚಿ ಕೂರುವ ವಿಧಾನವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ನೇತ್ರವೈದ್ಯ ವಿಲಿಯಂ ಬೇಟ್ಸ್. ಹೀಗೆ ಕೂತರೆ ಮನಸ್ಸಿಗೆ ನೆಮ್ಮದಿ ಸಿಗುತ್ತದೆ. ಆದರೆ ಕನ್ನಡಕವೇ ಬೇಡವಾಗುತ್ತದೆ ಎಂಬ ಅವರ ವಾದ ನಿಲ್ಲುವಂಥದ್ದಲ್ಲ, ಏಕೆಂದರೆ ಸಮೀಪದೃಷ್ಟಿಗೆ ಸಾಮಾನ್ಯವಾಗಿ ಕಣ್ಣುಗುಡ್ಡೆ ಉದ್ದವಾಗಿರುವುದೇ ಕಾರಣ, ಉದ್ದವಾದ ಗುಡ್ಡೆ ವ್ಯಾಯಾಮದಿಂದ ಗಿಡ್ಡವಾಗುವುದಿಲ್ಲ. ಪೆನ್ಸಿಲನ್ನು ಮೂಗಿನ ಹತ್ತಿರಕ್ಕೆ ತರುವ ವ್ಯಾಯಾಮ ಹತ್ತಿರದ ವಸ್ತುವಿನ ಮೇಲೆ ಎರಡೂ ಕಣ್ಣು ಕೂಡದ ತೊಂದರೆಗೆ ಸಂಬಂಧಿಸಿದ್ದು. ಆ ತೊಂದರೆಯಿರುವ ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲೂ ಮನೆಯ ಪೆನ್ಸಿಲ್ ಅಭ್ಯಾಸಕ್ಕಿಂತ ಚಿಕಿತ್ಸಾಲಯದಲ್ಲಿ ಕೊಟ್ಟ ತರಬೇತಿಯೇ ಹೆಚ್ಚು ಫಲ ನೀಡಿತು.

ಇನ್ನು ನನ್ನ ಮೆಚ್ಚಿನ 20-20-20 ಕ್ರಮ. ಹತ್ತಿರದ್ದನ್ನು ಓದುವಾಗ ಕಣ್ಣೊಳಗಿನ ಸಿಲಿಯರಿ ಸ್ನಾಯು ಬಿಗಿದುಕೊಂಡೇ ಇರುತ್ತದೆ. 20 ಅಡಿಯಾಚೆ ನೋಡಿದಾಗ ಅದು ಬಹುಮಟ್ಟಿಗೆ ಸಡಿಲಗೊಳ್ಳುತ್ತದೆ. ಪರದೆ ನೋಡುವಾಗ ರೆಪ್ಪೆ ಮಿಟುಕಿಸುವುದೂ ಕಡಿಮೆಯಾಗುವುದರಿಂದ ಆ ಬಿಡುವಿನಲ್ಲಿ ರೆಪ್ಪೆಗಳೆರಡೂ ಪೂರ್ತಿ ಕೂಡುವಂತೆ ನಿಧಾನವಾಗಿ ಮಿಟುಕಿಸುತ್ತೇನೆ. 20ರ ಅಂಕಿಗೇನೂ ಮಂತ್ರಶಕ್ತಿಯಿಲ್ಲ. ಗಂಟೆ ಬಾರಿಸುವ ಆ್ಯಪ್ ವಾಕ್ಯದ ನಡುವೆಯೇ ಕೂಗಿ ಸಿಟ್ಟು ತರಿಸುತ್ತಿದ್ದರಿಂದ ಅದನ್ನು ತೆಗೆದುಹಾಕಿ, ಪುಟ ಮುಗಿದಾಗಲೆಲ್ಲ ಕಿಟಕಿಯಾಚೆ ನೋಡುವುದನ್ನು ರೂಢಿಸಿಕೊಂಡಿದ್ದೇನೆ.

ನನ್ನಂತೆ ಕೈಬಿಗಿ ಹಿಡಿದು ಖರ್ಚು ಮಾಡುವವರಿಗೆ, ಕೆಲಸದ ನಡುವೆಯೇ ಬಿಡುವು ಬೇಕಾದವರಿಗೆ ಇಷ್ಟು ಸಾಕು. ಮಲಗುವ ಮುನ್ನ ಶಾಖ ಬೇಕೇ ಬೇಕು ಎನ್ನುವವರು ಮಸಾಜರ್ ಕೊಳ್ಳಬಹುದು, ಆದರೆ ಒತ್ತಡವನ್ನು ಪೂರ್ತಿ ನಿಲ್ಲಿಸಲು ಬರುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಒತ್ತಿ ನೋಡಿಕೊಳ್ಳಲಿ.