ಇಂಗ್ಲೆಂಡಿನ ಮಂಡಿನೋವು, ಅಮೆರಿಕದ ಮಂಡಿನೋವು

ನನ್ನ ಎಡ ಮಂಡಿ ಕೈಕೊಟ್ಟಿದ್ದು ಇಂಗ್ಲೆಂಡಿನಲ್ಲಿದ್ದಾಗ. ಬಲ ಮಂಡಿ ಕೈಕೊಟ್ಟಿದ್ದು ಕೆಲಸಕ್ಕೆಂದು ಅಮೆರಿಕಕ್ಕೆ ಹೋದ ಮೇಲೆ. ಹಾಗಾಗಿ ಸರ್ಕಾರಿ ಪದ್ಧತಿ, ಖಾಸಗಿ ಪದ್ಧತಿ ಎರಡನ್ನೂ ರೋಗಿಯಾಗಿಯೇ ನೋಡಿದ್ದೇನೆ.

ಇಂಗ್ಲೆಂಡಿನಲ್ಲಿ ಇರುವುದು ಎನ್‌ಎಚ್‌ಎಸ್. ಸರ್ಕಾರವೇ ನಡೆಸುವ ಆರೋಗ್ಯ ಸೇವೆ, 1948ರಲ್ಲಿ ಶುರುವಾದದ್ದು. ಮೊದಲು ಜಿಪಿಯನ್ನು, ಅಂದರೆ ನಮ್ಮ ಏರಿಯಾದ ಸಾಮಾನ್ಯ ಡಾಕ್ಟರನ್ನು ನೋಡಬೇಕು. ಅವರು ಕಳಿಸಿದರೆ ಮಾತ್ರ ಸ್ಪೆಷಲಿಸ್ಟ್. ನನ್ನ ಜಿಪಿ ಮಂಡಿ ಮಡಚಿಸಿ ನೋಡಿ, ಫಿಸಿಯೋಥೆರಪಿ ಮಾಡಿಸಿ ನೋಡೋಣ ಅಂದರು. ಅದಕ್ಕೆ ಐದು ವಾರ ಕಾದೆ. ನೋವು ಹೋಗಲಿಲ್ಲ. ಸ್ಕ್ಯಾನ್ ಆಗಿ ಸ್ಪೆಷಲಿಸ್ಟ್ ಸಿಗುವಷ್ಟರಲ್ಲಿ ಏಳು ತಿಂಗಳು ಕಳೆದಿತ್ತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದೆ. ನೂರರಲ್ಲಿ 92 ಜನರಿಗೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನೋದು ಅಲ್ಲಿನ ಗುರಿ. 2016ರಿಂದ ಈಚೆಗೆ ಆ ಗುರಿ ಮುಟ್ಟಿಯೇ ಇಲ್ಲ. ಕಾಯುವ ಕಷ್ಟವನ್ನು ನಾನು ಸಣ್ಣದು ಮಾಡಿ ಹೇಳುವುದಿಲ್ಲ.

ಅಮೆರಿಕದಲ್ಲಿ ಮೂಳೆ ಡಾಕ್ಟರು ನಾಲ್ಕೇ ದಿನಕ್ಕೆ ಸಿಕ್ಕರು. ಅದೇ ವಾರ ಎಂಆರ್‌ಐ. ಡಾಕ್ಟರು ಚಿತ್ರ ತೋರಿಸಿ ಸಮಾಧಾನವಾಗಿ ವಿವರಿಸಿದರು. ಇಷ್ಟು ಸಲೀಸಾ ಅನ್ನಿಸಿತು. ಆಮೇಲೆ ಕಾಗದಗಳು ಬರಲು ಶುರುವಾದವು. ಮೊದಲನೆಯದರ ಮೇಲೆ 'ಇದು ಬಿಲ್ ಅಲ್ಲ' ಅಂತಿತ್ತು. ಮುಂದಿನ ವಾರ ಬಿಲ್ ಬಂತು. ಸ್ಕ್ಯಾನ್ ಮಾಡಿದ ಜಾಗಕ್ಕೆ ಒಂದು, ಅದನ್ನು ಓದಿದ ಡಾಕ್ಟರಿಗೆ ಇನ್ನೊಂದು. ವಿಮೆ ಇತ್ತು, ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುತ್ತಲೂ ಇದ್ದರು. ಆದರೆ ಡಿಡಕ್ಟಿಬಲ್, ಅಂದರೆ ವರ್ಷಕ್ಕೆ ಇಷ್ಟು ಅಂತ ಮೊದಲು ನಾವೇ ಕೈಯಿಂದ ಕಟ್ಟಬೇಕಾದ ಮೊತ್ತ, ಮುಗಿಯುವ ತನಕ ಬಹುಪಾಲು ಖರ್ಚು ನಮ್ಮದೇ. ಒಂದು ಬಿಲ್ ತಪ್ಪಾಗಿ ಬಂದಿತ್ತು. ಅದನ್ನು ಸರಿಪಡಿಸಲು ಮೂರು ಸಂಜೆ ಫೋನ್ ಹಿಡಿದು ಕೂತೆ.

ಎನ್‌ಎಚ್‌ಎಸ್ ಪುಕ್ಕಟೆ ಅನ್ನುವವರೂ ಪೂರ್ತಿ ಸರಿಯಲ್ಲ. ಅದು ನಡೆಯುವುದು ತೆರಿಗೆ ದುಡ್ಡಲ್ಲಿ. ನಮ್ಮಂಥ ವೀಸಾದವರು 2015ರಿಂದ ಬೇರೆಯಾಗಿ ಆರೋಗ್ಯ ಸರ್ಚಾರ್ಜನ್ನೂ ಕಟ್ಟುತ್ತಾರೆ. ಅಮೆರಿಕವೂ ಪೂರ್ತಿ ಖಾಸಗಿಯಲ್ಲ. ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ 1965ರಿಂದಲೇ ಇವೆ. ಆದರೂ ದೇಶದ ಆದಾಯದಲ್ಲಿ ಸುಮಾರು ಶೇ. 17ರಷ್ಟನ್ನು ಆರೋಗ್ಯಕ್ಕೆ ಸುರಿಯುವ ಆ ದೇಶದಲ್ಲಿ, 2023ರಲ್ಲಿ ಎರಡೂವರೆ ಕೋಟಿಗೂ ಜಾಸ್ತಿ ಜನಕ್ಕೆ ವಿಮೆಯೇ ಇರಲಿಲ್ಲ. ಬ್ರಿಟನ್ ಸುಮಾರು ಶೇ. 11ರಲ್ಲಿ ಎಲ್ಲರನ್ನೂ ನೋಡಿಕೊಳ್ಳುತ್ತದೆ. ನನಗೆ ಇದು ತುಂಬಾ ದೊಡ್ಡ ಮಾತು.

ಮಂಡಿ ಒಂದೇ ಆಗಿದ್ದರೆ ಅಮೆರಿಕಕ್ಕೇ ಹೆಚ್ಚು ಅಂಕ ಕೊಡುತ್ತಿದ್ದೆ. ಆದರೂ ನನ್ನ ಆಯ್ಕೆ ಇಂಗ್ಲೆಂಡಿನದೇ. ಅದಕ್ಕೆ ಕಾರಣ ಎರಡು ರಾತ್ರಿಗಳು.

ಇಂಗ್ಲೆಂಡಿನಲ್ಲಿ ಒಂದು ರಾತ್ರಿ ಮಗನಿಗೆ ಉಸಿರಾಡಲು ಕಷ್ಟವಾಯಿತು. 999 ಒತ್ತಿದೆವು, ಆಂಬುಲೆನ್ಸ್ ಬಂತು, ಹೋದೆವು. ದುಡ್ಡಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ತಲೆಯಲ್ಲೂ ಇರಲಿಲ್ಲ. ಅಮೆರಿಕದಲ್ಲಿ ಇನ್ನೊಂದು ರಾತ್ರಿ, ಹೆಂಡತಿಗೆ ಎದೆನೋವು. ತುರ್ತು ವಿಭಾಗಕ್ಕೆ ಬಂದವರನ್ನು ದುಡ್ಡಿಲ್ಲ ಅಂತ ನೋಡದೆ ವಾಪಸ್ ಕಳಿಸುವಂತಿಲ್ಲ, 1986ರಿಂದ ಅಲ್ಲಿ ಹಾಗಂತ ಕಾನೂನಿದೆ. ನನಗೆ ಅದು ಗೊತ್ತಿತ್ತು. ಅವಳಿಗೆ ಬಿಲ್ಲಿನ ಭಯವೇ ಜಾಸ್ತಿಯಾಗಿತ್ತು. ಆಂಬುಲೆನ್ಸ್ ಬೇಡವೇ ಬೇಡ ಅಂದಳು. ಕಾರಿನಲ್ಲಿ ಎದೆ ಒತ್ತಿ ಹಿಡಿದುಕೊಂಡೇ ಕೇಳಿದಳು, "ಆ ಆಸ್ಪತ್ರೆ ನಮ್ಮ ವಿಮೆಯಲ್ಲಿ ಬರುತ್ತಲ್ವಾ?"