ಮಲೆನಾಡಿನ ಮಳೆಗೆ ಯಾವ ಟೈರು? ಮಿಷೆಲಿನ್ ಎಕ್ಸ್‌ಎಂ2 ಪ್ಲಸ್ ಮತ್ತು ಅಪೊಲೊ ಆಲ್ನ್ಯಾಕ್ 4ಜಿ

ಮೊದಲೇ ಹೇಳಿಬಿಡುತ್ತೇನೆ. ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರದ ಕಡೆ ಕಾರು ಓಡಿಸುವವರು ಟೈರು ಕೊಳ್ಳಲು ಹೋದಾಗ ಮೊದಲು ಮೈಲೇಜ್ ಕೇಳಬೇಡಿ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಹೇಗೆ ನಿಲ್ಲುತ್ತೆ ಅಂತ ಕೇಳಿ. ಉಳಿದದ್ದೆಲ್ಲ ಆಮೇಲೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನ್ನದು ಮಾರುತಿ ಡಿಸೈರ್. ಹಾಸನದಲ್ಲಿರುವ ನಮ್ಮ ಭಾವನದೂ ಅದೇ ಕಾರು, ಅದೇ 15 ಇಂಚಿನ ಅಲಾಯ್ ವೀಲ್. ಕಂಪನಿಯಿಂದ ಬಂದ ಟೈರುಗಳು ಎರಡು ಕಾರಲ್ಲೂ ಹೆಚ್ಚು ಕಡಿಮೆ ಒಟ್ಟಿಗೇ ಸವೆದವು. ನಾನು ಮಿಷೆಲಿನ್ ಎನರ್ಜಿ ಎಕ್ಸ್‌ಎಂ2 ಪ್ಲಸ್ ಹಾಕಿಸಿದೆ, ಭಾವ ಅಪೊಲೊ ಆಲ್ನ್ಯಾಕ್ 4ಜಿ ಹಾಕಿಸಿದರು. ಅಳತೆ ಎರಡರದ್ದೂ 185/65 ಆರ್15. ನಾವು ಹಾಸನಕ್ಕೆ ಹೋದಾಗ, ಅವರು ತೋಟಕ್ಕೆ ಬಂದಾಗ ಕಾರು ಅದಲು ಬದಲು ಮಾಡಿಕೊಂಡು ಓಡಿಸಿದ್ದೇವೆ, ಬಿಸಿಲಲ್ಲೂ ಮಳೆಯಲ್ಲೂ, ಖಾಲಿ ಕಾರಲ್ಲೂ ಮನೆಮಂದಿಯೆಲ್ಲ ಕೂತ ಕಾರಲ್ಲೂ. ಅದರಿಂದ ಸಿಕ್ಕ ಅನಿಸಿಕೆ ಇದು, ಮೀಟರು ಹಿಡಿದು ಅಳೆದದ್ದಲ್ಲ.

ಎರಡೂ ಯುರೋಪಿನವರ ಲೆಕ್ಕದಲ್ಲಿ ಸಮ್ಮರ್ ಟೈರಿನ ಜಾತಿಗೆ ಸೇರಿದವು. ಬೇಸಿಗೆಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಸುಮಾರು 7 ಡಿಗ್ರಿಗಿಂತ ಕೆಳಗೆ ಚಳಿ ಇಳಿದರೆ ಇವುಗಳ ರಬ್ಬರ್ ಗಟ್ಟಿಯಾಗಿ ಹಿಡಿತ ಕಮ್ಮಿಯಾಗುತ್ತೆ, ಅದಕ್ಕೇ ಅಲ್ಲಿಯವರು ಹಿಮ ಬೀಳುವಾಗ ಬೇರೆ ಟೈರು ಹಾಕುತ್ತಾರೆ. ನಮ್ಮಲ್ಲಿ ಜನವರಿಯ ಬೆಳಗ್ಗೆ ಕೈ ಮರಗಟ್ಟಿದರೂ ಅಷ್ಟು ಇಳಿಯುವುದು ಅಪರೂಪ. ಬಿಸಿ ರಸ್ತೆ, ಒದ್ದೆ ರಸ್ತೆ, ಇವೆರಡಕ್ಕೆ ಮಾಡಿದ ಟೈರು ನಮಗೆ ವರ್ಷವಿಡೀ ಸರಿಯಾಗುತ್ತೆ.

ಈಗ ಒದ್ದೆ ರಸ್ತೆಯ ವಿಷಯ. ಒಂದು ಲೆಕ್ಕ ಕೊಡುತ್ತೇನೆ, ದಯವಿಟ್ಟು ನೆನಪಿಟ್ಟುಕೊಳ್ಳಿ. ಯುರೋಪಿನಲ್ಲಿ 2021ರ ಮೇ ತನಕ ಇದ್ದ ಹಳೇ ಟೈರ್ ಲೇಬಲ್‌ನಲ್ಲಿ ಒದ್ದೆ ಹಿಡಿತಕ್ಕೆ ಎ ಇಂದ ಶುರುವಾಗುವ ದರ್ಜೆಗಳಿದ್ದವು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಪೂರ್ತಿ ಬ್ರೇಕ್ ಒತ್ತಿದರೆ, ಎ ದರ್ಜೆಯ ನಾಲ್ಕು ಟೈರು ಹಾಕಿದ ಕಾರು ಎಫ್ ದರ್ಜೆಯದಕ್ಕಿಂತ 18 ಮೀಟರ್‌ವರೆಗೆ ಮೊದಲೇ ನಿಲ್ಲಬಹುದು. ಡಿಸೈರ್ ಉದ್ದ 4 ಮೀಟರಿಗೆ ಒಂದು ಕೂದಲೆಳೆ ಕಡಿಮೆ. ಅಂದರೆ ನಾಲ್ಕು ಡಿಸೈರ್ ಸಾಲಾಗಿ ನಿಲ್ಲಿಸಿದರೂ ಇನ್ನೂ ಜಾಗ ಉಳಿಯುತ್ತೆ. ಕಾರು ಅದೇ, ಬ್ರೇಕ್ ಅದೇ, ಡ್ರೈವರ್ ಅದೇ, ಬದಲಾದದ್ದು ಬರೀ ರಬ್ಬರ್.

ನಾನು ಈ ಎರಡು ಟೈರಿಗೂ ಅಷ್ಟು ಅಂತರ ಇದೆ ಅಂತ ಹೇಳುತ್ತಿಲ್ಲ, ಖಂಡಿತ ಇಲ್ಲ. ಎರಡೂ ಒಳ್ಳೇ ಟೈರು. ಆದರೆ ಚಾರ್ಮಾಡಿ ಇಳಿಯುವಾಗ ಮಿಷೆಲಿನ್ ಕೊಡುವ ಧೈರ್ಯ ಬೇರೆ. ಜುಲೈನಲ್ಲಿ ಆ ಘಾಟಿ ನೋಡಿದವರಿಗೆ ಗೊತ್ತು. ಗುಡ್ಡದ ಕಡೆಯಿಂದ ನೀರು ರಸ್ತೆಗೇ ಹರಿಯುತ್ತಿರುತ್ತೆ, ಅಂಚಿನಲ್ಲಿ ಪಾಚಿ, ಮಂಜಿನಲ್ಲಿ ಎದುರಿನ ಗಾಡಿಯ ಲೈಟ್ ಹತ್ತಿರ ಬಂದ ಮೇಲೇ ಕಾಣೋದು. ಒಮ್ಮೆ ಎರಡನೇ ಗೇರಲ್ಲಿ ಇಳಿಯುತ್ತಿದ್ದೆ, ತಿರುವಿನಲ್ಲಿ ಕೆಂಪು ಬಸ್ಸು ಪೂರ್ತಿ ರಸ್ತೆ ತಗೊಂಡು ಮೇಲೆ ಬಂತು. ಬ್ರೇಕ್ ಒತ್ತಿದೆ, ಸ್ಟೀರಿಂಗ್ ಎಡಕ್ಕೆ ತಿರುಗಿಯೇ ಇತ್ತು. ಮುಂದಿನ ಚಕ್ರ ಜಾರಲಿಲ್ಲ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಾಲಿನ ಕೆಳಗೆ ಸ್ವಲ್ಪ ನಡುಗಿತು ಅಷ್ಟೇ, ಕಾರು ತಿರುಗಿಸಿದ ಕಡೆಗೇ ಹೋಗಿ ನಿಂತಿತು. ಬ್ರೇಕ್ ಮತ್ತು ತಿರುವು ಎರಡನ್ನೂ ಒಟ್ಟಿಗೆ ತಡೆದುಕೊಂಡಿತು ನೋಡಿ, ನಾನು ದುಡ್ಡು ಕೊಟ್ಟದ್ದು ಅದಕ್ಕೇ.

ಅಪೊಲೊ ಕೂಡ ಮಳೆಯಲ್ಲಿ ಚೆನ್ನಾಗಿಯೇ ಹಿಡಿಯುತ್ತೆ. ಶಿರಾಡಿಯ ಕಾಂಕ್ರೀಟ್ ರಸ್ತೆಯಲ್ಲಿ, ಮಾರನಹಳ್ಳಿಯಿಂದ ಗುಂಡ್ಯದ ತನಕ ಜೋರು ಮಳೆಯಲ್ಲಿ ಇಳಿಸಿದ್ದೇನೆ, ಭಯ ಆಗಲಿಲ್ಲ. ಮಿಷೆಲಿನ್ ಒಂದು ಕೈ ಮೇಲೆ ಅನಿಸಿದ್ದು ಜಾಸ್ತಿ ಮಳೆಯಲ್ಲಲ್ಲ, ಮೊದಲ ಮಳೆಯಲ್ಲಿ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬೀಳುತ್ತಲ್ಲ, ಆಗ ರಸ್ತೆ ಮಳೆಗಾಲಕ್ಕಿಂತ ಅಪಾಯ. ತಿಂಗಳುಗಟ್ಟಲೆ ಕೂತ ಧೂಳು, ಲಾರಿಗಳಿಂದ ಸೋರಿದ ಆಯಿಲ್, ಸವೆದ ರಬ್ಬರ್ ಎಲ್ಲ ನಾಲ್ಕು ಹನಿ ನೀರಿಗೆ ಕಲೆತು ಜಾರುವ ಪದರ ಆಗುತ್ತೆ. ಜೋರು ಮಳೆ ಬಂದರೆ ತೊಳೆದು ಹೋಗುತ್ತೆ, ತುಂತುರು ಬಂದರೆ ಅಲ್ಲೇ ಉಳಿಯುತ್ತೆ. ಬೇಲೂರಿಂದ ಚಿಕ್ಕಮಗಳೂರಿಗೆ ಬರುವ ದಾರಿಯಲ್ಲಿ ಅಂಥ ಸಂಜೆಗಳಲ್ಲಿ ಎಷ್ಟೇ ಒಳ್ಳೇ ಟೈರಿದ್ದರೂ ನಿಧಾನ ಹೋಗಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ತುಂಬಾ ಜನ ಉಲ್ಟಾ ಮಾಡುತ್ತಾರೆ. ಎರಡೇ ಹೊಸ ಟೈರು ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ. ಅಂಗಡಿಯವರು ಅಭ್ಯಾಸಬಲದಿಂದ ಮುಂದಕ್ಕೆ ಹಾಕುತ್ತಾರೆ, ಸ್ಟೀರಿಂಗ್ ಮುಂದಿದೆ, ಇಂಜಿನ್ ಮುಂದಿದೆ ಅಂತ. ಆದರೆ ಒದ್ದೆ ರಸ್ತೆಯಲ್ಲಿ ಮುಂದಿನ ಟೈರು ಜಾರಿದರೆ ಕಾರು ನೇರ ಹೋಗುತ್ತೆ, ಕಾಲು ತೆಗೆದರೆ ಮತ್ತೆ ಹಿಡಿತ ಸಿಗುವ ಸಾಧ್ಯತೆ ಇರುತ್ತೆ. ಹಿಂದಿನದು ಜಾರಿದರೆ ಕಾರಿನ ಬಾಲ ತಿರುಗಿ ಅಡ್ಡ ನಿಲ್ಲುತ್ತೆ, ಅದನ್ನು ಸರಿ ಮಾಡೋದು ನಮ್ಮಂಥ ಮಾಮೂಲಿ ಡ್ರೈವರುಗಳ ಕೈಲಿ ಆಗುವ ಕೆಲಸ ಅಲ್ಲ.

ಆರಾಮದ ವಿಷಯಕ್ಕೆ ಬಂದರೆ ನಮ್ಮ ಮನೆಯ ಜಡ್ಜ್ ಅಮ್ಮ. ಸೊಂಟ ನೋವು ಅವರಿಗೆ, ಹಾಸನದ ಡಾಕ್ಟರ ಹತ್ತಿರ ಆಗಾಗ ಕರೆದುಕೊಂಡು ಹೋಗಬೇಕು. ಟೈರು ಬದಲಾಯಿಸಿದ್ದು ಅವರಿಗೆ ಗೊತ್ತೂ ಇರಲಿಲ್ಲ. ಬೇಲೂರು ದಾಟಿದ ಮೇಲೆ "ಇವತ್ತು ರಸ್ತೆ ರಿಪೇರಿ ಮಾಡಿದಾರಾ?" ಅಂತ ಕೇಳಿದರು. ರಸ್ತೆ ಹಾಗೇ ಇತ್ತು. ಮಿಷೆಲಿನ್ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಮೆತ್ತಗಿದೆ, ಸಣ್ಣ ಸಣ್ಣ ಕುಲುಕಾಟ, ತೇಪೆ ಹಾಕಿದ ಡಾಂಬರು, ರಂಬಲ್ ಸ್ಟ್ರಿಪ್, ಇದನ್ನೆಲ್ಲ ಒಳಗೆ ಬಿಡುವುದಿಲ್ಲ. ಸದ್ದೂ ಕಡಿಮೆ. ಹಳೇ ಟೈರಲ್ಲಿ ಒರಟು ಡಾಂಬರಿನ ಮೇಲೆ ಬರುತ್ತಿದ್ದ ಗುಂಯ್ ಅನ್ನುವ ಶಬ್ದ ಸುಮಾರು ಅಡಗಿದೆ, ಹಿಂದೆ ಕೂತವರ ಜೊತೆ ಕೂಗದೆ ಮಾತಾಡಬಹುದು. ಭಾವನ ಕಾರಲ್ಲಿ ಹಂಪ್, ಗುಂಡಿ ಸ್ವಲ್ಪ ಜಾಸ್ತಿ ಗೊತ್ತಾಗುತ್ತೆ, ಆದರೆ ಅಮ್ಮ ಅದರಲ್ಲೂ ದೂರು ಹೇಳದೆ ಕೂತು ಬಂದಿದ್ದಾರೆ.

ಅಪೊಲೊದ ಅದೇ ಗಟ್ಟಿತನ ಇನ್ನೊಂದು ಕಡೆ ಉಪಕಾರಕ್ಕೆ ಬರುತ್ತೆ. ತೋಟದ ರಸ್ತೆ ನೋಡಿದ್ದೀರಲ್ಲ, ಚೂಪು ಜಲ್ಲಿ, ಮಧ್ಯೆ ಮೇಲೆದ್ದ ಬೇರು, ಅಂಚಿನಲ್ಲಿ ಒಡೆದ ಸೈಜುಗಲ್ಲು. ಮೆತ್ತನೆ ಸೈಡ್‌ವಾಲ್ ಇರುವ ಯಾವ ಟೈರನ್ನೂ ಅಲ್ಲಿ ನೋಡಿಕೊಂಡು ಓಡಿಸಬೇಕು. ರಸ್ತೆಗೆ ತಾಗುವ ಟ್ರೆಡ್‌ಗೆ ಮೊಳೆ ಹೊಕ್ಕರೆ ಪ್ಯಾಚ್ ಹಾಕಿಸಬಹುದು, ಸೈಡ್‌ವಾಲ್ ಹರಿದರೆ ಅಥವಾ ಗುಳ್ಳೆ ಬಂದರೆ ಟೈರು ಎಸೆಯುವುದೇ, ಬೇರೆ ದಾರಿ ಇಲ್ಲ. ಕಟಾವಿನ ಸಮಯದಲ್ಲಿ ಭಾವ ಅವರ ಕಾರನ್ನು ನಮ್ಮ ಗೋಡೌನ್ ತನಕ ಯೋಚನೆ ಮಾಡದೆ ಇಳಿಸುತ್ತಾರೆ. ನಾನು ಮೇಲೆ ಗೇಟ್ ಹತ್ತಿರವೇ ನಿಲ್ಲಿಸುತ್ತೇನೆ. ದಿನಾ ಇಂಥ ದಾರಿಯಲ್ಲೇ ಓಡಾಟ ಇರುವವರಿಗೆ ಅಪೊಲೊ ನೆಮ್ಮದಿ.

ಹೈವೇಯಲ್ಲೂ ಅಪೊಲೊ ನನಗೆ ಇಷ್ಟವಾಯಿತು. ಹಾಸನದಿಂದ ಬೆಂಗಳೂರಿಗೆ ಚನ್ನರಾಯಪಟ್ಟಣ, ಹಿರೀಸಾವೆ ದಾಟಿ ನಾಲ್ಕು ಲೇನಿನಲ್ಲಿ ಹೋಗುವಾಗ ಸ್ಟೀರಿಂಗ್ ನೆಟ್ಟಗೆ ಕೂರುತ್ತೆ, ಲೇನ್ ಬದಲಿಸಿದರೆ ತಕ್ಷಣ ಕೇಳುತ್ತೆ. ಮಿಷೆಲಿನ್‌ನಲ್ಲಿ ಅದು ಅರೆಕ್ಷಣ ನಿಧಾನ. ಅಭ್ಯಾಸ ಆದ ಮೇಲೆ ಗಮನಕ್ಕೇ ಬರುವುದಿಲ್ಲ.

ಮೈಲೇಜ್. ಎಲ್ಲರೂ ಕೇಳೋದು ಇದನ್ನೇ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೈರು ಉರುಳುವಾಗ ರಸ್ತೆಗೆ ತಾಗುವ ಜಾಗದಲ್ಲಿ ರಬ್ಬರ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಿಸಿಯಾಗುತ್ತೆ, ಆ ಬಿಸಿ ನಮ್ಮ ಪೆಟ್ರೋಲಿನಿಂದಲೇ ಬರೋದು. ಕಾರು ಕುಡಿಯುವ ಇಂಧನದಲ್ಲಿ ಸುಮಾರು ಐದನೇ ಒಂದು ಭಾಗ ಹೀಗೆ ಟೈರಿಗೆ ಹೋಗುತ್ತೆ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಮೊದಲು ಇದ್ದ ಕಷ್ಟ ಏನೆಂದರೆ, ಈ ನಷ್ಟ ಕಡಿಮೆ ಮಾಡಲು ಹೋದರೆ ಒದ್ದೆ ರಸ್ತೆಯ ಹಿಡಿತ ಹೋಗುತ್ತಿತ್ತು. ಕರಿ ಮಸಿಯ ಜಾಗದಲ್ಲಿ ಸಿಲಿಕಾ ಬೆರೆಸಿದ ರಬ್ಬರ್ ಬಂದ ಮೇಲೆ ಎರಡನ್ನೂ ಒಂದು ಮಟ್ಟಕ್ಕೆ ಉಳಿಸಿಕೊಳ್ಳುವುದು ಸಾಧ್ಯವಾಯಿತು. ಮಿಷೆಲಿನ್ ಇಂಥ ಟೈರನ್ನು ಮಾರುಕಟ್ಟೆಗೆ ತಂದದ್ದು 1992ರಲ್ಲಿ. ಎನರ್ಜಿ ಅನ್ನುವ ಹೆಸರು ಆಗಿನಿಂದ ಇದೆ.

ಹಾಗಾದರೆ ನಮಗೆ ಎಷ್ಟು ಉಳಿಯುತ್ತೆ? ಅದೇ ಹಳೇ ಯುರೋಪಿಯನ್ ಲೇಬಲ್‌ನಲ್ಲಿ ಅತಿ ಒಳ್ಳೇ ದರ್ಜೆಗೂ ಅತಿ ಕೆಟ್ಟ ದರ್ಜೆಗೂ ಇಂಧನದ ವ್ಯತ್ಯಾಸ ಹೆಚ್ಚೆಂದರೆ 7.5 ಶೇಕಡಾ. ಒಂದೇ ಸಾಲಿನ ಎರಡು ಒಳ್ಳೇ ಟೈರುಗಳ ಮಧ್ಯೆ ಅದರ ಚೂರು ಪಾರು. ನಮ್ಮಿಬ್ಬರ ಕಾರಲ್ಲಿ ಟೈರಿನಿಂದಲೇ ಇಷ್ಟು ಅಂತ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಭಾವನಿಗೆ ಮೈಲೇಜ್ ಜಾಸ್ತಿ ಬರುತ್ತೆ, ಸರಿ, ಆದರೆ ಅವರು ಹೈವೇಯಲ್ಲಿ ಓಡಿಸುತ್ತಾರೆ, ನಾನು ಘಾಟಿ ಹತ್ತುತ್ತೇನೆ. ಫ್ರಿಜ್, ಏಸಿ ಮೇಲೆ ಬರುವ ಬಿಇಇ ಸ್ಟಾರ್ ಈಗ ಟೈರಿಗೂ ಬಂದಿದೆ, ಒಳ್ಳೆಯದೇ. ಆದರೆ ಆ ಸ್ಟಾರ್ ಇರುವುದು ಇಂಧನ ಉಳಿತಾಯ ತೋರಿಸಲು. ಚಾರ್ಮಾಡಿಯಲ್ಲಿ ಎಲ್ಲಿ ನಿಲ್ಲುತ್ತೀರಿ ಅನ್ನುವುದನ್ನು ಅದರಿಂದ ಅಳೆಯಬೇಡಿ.

ನಿಜವಾಗಿ ಪೆಟ್ರೋಲ್ ಉಳಿಸಬೇಕೆಂದರೆ ಗಾಳಿ ನೋಡಿಕೊಳ್ಳಿ. ಡ್ರೈವರ್ ಬಾಗಿಲು ತೆಗೆದರೆ ಸ್ಟಿಕರ್ ಇರುತ್ತೆ, ಎಷ್ಟು ಗಾಳಿ ಅಂತ ಬರೆದಿರುತ್ತೆ. ಬೆಳಗ್ಗೆ ಟೈರು ತಣ್ಣಗಿರುವಾಗ ಅಷ್ಟು ಹಿಡಿಸಿ. ದೂರ ಓಡಿಸಿ ಬಂದ ಮೇಲೆ ನೋಡಿದರೆ ಜಾಸ್ತಿ ತೋರಿಸುತ್ತೆ, ಆಗ ಬಿಡಿಸಿದರೆ ಮಾರನೇ ದಿನ ಕಮ್ಮಿ ಆಗಿರುತ್ತೆ. ಬಂಕಿನ ಹುಡುಗರು ಕೇಳದೆ ಎಲ್ಲ ಕಾರಿಗೂ 35 ಹಿಡಿಸುತ್ತಾರೆ, ಬೇಡ ಅನ್ನಿ. ಗಾಳಿ ಕಮ್ಮಿಯಾದರೆ ಪೆಟ್ರೋಲೂ ಜಾಸ್ತಿ, ಟೈರಿನ ಎರಡೂ ಅಂಚು ಸವೆಯೋದೂ ಜಾಸ್ತಿ, ಗುಂಡಿಯಲ್ಲಿ ಸೈಡ್‌ವಾಲ್ ರಿಮ್ಮಿಗೆ ಸಿಕ್ಕಿ ಕತ್ತರಿಸುವ ಅಪಾಯವೂ ಜಾಸ್ತಿ.

ಬೆಲೆಯಲ್ಲಿ ಮಿಷೆಲಿನ್ ದುಬಾರಿ. ನಾಲ್ಕು ಟೈರಿನ ಲೆಕ್ಕದಲ್ಲಿ ಕೆಲವು ಸಾವಿರ ಜಾಸ್ತಿ ಆಯಿತು. ಘಾಟಿ, ಮಳೆ, ವಯಸ್ಸಾದವರು ಜೊತೆಗಿರುವ ಮನೆ, ಇಂಥವರು ಆ ದುಡ್ಡು ಕೊಡಿ ಅಂತ ನಾನು ಹೇಳುತ್ತೇನೆ. ಹಾಸನ, ಅರಸೀಕೆರೆ, ಕಡೂರಿನ ಬಯಲು ಸೀಮೆ ಕಡೆ ಓಡಾಟ, ಆಗಾಗ ಬೆಂಗಳೂರು, ಮಧ್ಯೆ ಮಣ್ಣಿನ ದಾರಿ ಅನ್ನುವವರಿಗೆ ಅಪೊಲೊ ಸಾಕು, ಸಾಕು ಅಂದರೆ ಚೆನ್ನಾಗಿಯೇ ಸಾಕು. ಭಾವನಿಗೂ ಅದೇ ಹೇಳಿದೆ, ಅವರು ಬದಲಾಯಿಸುವ ಅಗತ್ಯ ಇಲ್ಲ.

ಯಾವುದೇ ತಗೊಳ್ಳಿ, ಸೈಡ್‌ವಾಲ್ ಓದಿ ತಗೊಳ್ಳಿ. ಡಿಒಟಿ ಅನ್ನುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. 1424 ಅಂತಿದ್ದರೆ 2024ರ 14ನೇ ವಾರ ತಯಾರಾದದ್ದು. ನಾನು ಮೊದಲು ಹೋದ ಒಂದು ಅಂಗಡಿಯಲ್ಲಿ ಒಳ್ಳೇ ಡಿಸ್ಕೌಂಟ್ ಅಂತ ತೋರಿಸಿದ ಟೈರು ಎರಡು ವರ್ಷಕ್ಕಿಂತ ಹಳೇದು, ಆ ಅಂಕಿ ಇದ್ದ ಮಗ್ಗುಲನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದರು. ತಿರುಗಿಸಿ ತೋರಿಸಿ ಅಂದೆ, ನೋಡಿದೆ, ಬೇರೆ ಅಂಗಡಿಗೆ ಹೋದೆ. ಇನ್ನು 185/65 ಆರ್15 ಪಕ್ಕದಲ್ಲಿ 88 ಎಚ್ ಅಂತಿದ್ದರೆ, ಒಂದೊಂದು ಟೈರು 560 ಕೆಜಿ ಹೊರುತ್ತೆ, 210 ಕಿಲೋಮೀಟರ್ ವೇಗದ ತನಕ ತಡೆಯುತ್ತೆ ಅಂತ ಅರ್ಥ. ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಅಂಕಿಯದ್ದು ಅಗ್ಗ ಅಂತ ಹಾಕಿಸಬೇಡಿ.

ಸವೆತ ನೋಡುವುದೂ ಸುಲಭ. ಟ್ರೆಡ್‌ನ ಕಾಲುವೆಯೊಳಗೆ ಬೆರಳಿಟ್ಟು ಉದ್ದಕ್ಕೆ ಜಾರಿಸಿದರೆ ಅಲ್ಲಲ್ಲಿ ಸಣ್ಣ ದಿಣ್ಣೆ ಸಿಗುತ್ತೆ, ಅದರ ಎತ್ತರ 1.6 ಮಿಲಿಮೀಟರ್. ಮೇಲಿನ ರಬ್ಬರ್ ಆ ದಿಣ್ಣೆಗೆ ಸಮ ಆದರೆ ಕಾನೂನಿನ ಪ್ರಕಾರ ಟೈರಿನ ಆಯುಸ್ಸು ಮುಗಿಯಿತು. ನಮ್ಮ ಕಡೆ ಅಲ್ಲಿಯ ತನಕ ಕಾಯಬಾರದು. ನೀರನ್ನು ಪಕ್ಕಕ್ಕೆ ತಳ್ಳುವುದು ಆ ಕಾಲುವೆಗಳೇ, ಅವು ತುಂಬಿಹೋದರೆ ಟೈರು ನೀರಿನ ಮೇಲೆ ತೇಲುತ್ತೆ, ಸ್ಟೀರಿಂಗ್ ಹಗುರ ಆಗಿಬಿಡುತ್ತೆ. 3 ಮಿಲಿಮೀಟರ್ ಉಳಿದಾಗ, ಅದೂ ಮೇ ತಿಂಗಳ ಒಳಗೆ, ಬದಲಾಯಿಸಿ. ಎಕ್ಸ್‌ಎಂ2 ಪ್ಲಸ್ ಸವೆದ ಮೇಲೂ ಒದ್ದೆ ರಸ್ತೆಯಲ್ಲಿ ಬ್ರೇಕ್ ಚೆನ್ನಾಗಿ ಉಳಿಯುತ್ತೆ ಅನ್ನುವುದು ಮಿಷೆಲಿನ್ ಮಾತು. ನನ್ನದು ಇನ್ನೂ ಅಷ್ಟು ಸವೆದಿಲ್ಲ.

ಹಾಕಿಸುವಾಗ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಮಾಡಿಸಿ, ವಾಲ್ವ್ ಹೊಸದು ಹಾಕಲು ಹೇಳಿ, ನೈಟ್ರೋಜನ್ ಬೇಡ, ಮಾಮೂಲಿ ಗಾಳಿಯೇ ಸಾಕು. ಸ್ಟೆಪ್ನಿಗೂ ಆಗಲೇ ಗಾಳಿ ಹಿಡಿಸಿ, ಎಲ್ಲರೂ ಮರೆಯೋದು ಅದನ್ನೇ. ಕೆಲವು ಮಾಡೆಲ್‌ಗಳಲ್ಲಿ ಅಲಾಯ್ ನಾಲ್ಕಿದ್ದು ಸ್ಟೆಪ್ನಿ ಮಾತ್ರ ಸಣ್ಣ ಅಳತೆಯ ಕಬ್ಬಿಣದ ರಿಮ್ ಆಗಿರುತ್ತೆ. ಅದರಲ್ಲಿ ಘಾಟಿ ಇಳಿಯಬೇಡಿ, 80ರ ಮೇಲೆ ಓಡಿಸಬೇಡಿ, ಕೊಟ್ಟಿಗೆಹಾರದಲ್ಲೇ ನಿಲ್ಲಿಸಿ ಪಂಕ್ಚರ್ ಹಾಕಿಸಿಕೊಂಡು ಮುಂದೆ ಹೋಗಿ.